ತಿಳಿನೀರು ಬೇಕೋ, ಶಾರ್ಕ್ ಬೇಕೋ?

ಬೆಳಗಾವಿಯ ಟಿಳಕವಾಡಿಯಲ್ಲಿ ಶಾರ್ಕ್ ಕಂಡವರಿಗೆ ಕೊರತೆಯಿಲ್ಲ. ಜೀವಂತ ಶಾರ್ಕ್ ಕಂಡವರಿಗೆ ಕೊರತೆ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ಒಂದಿಡೀ ತಲೆಮಾರಿಗೆ ಶಾರ್ಕ್ ಅಂದರೆ ಸ್ಕೋಲಿಯೋಡಾನ್. ಮೇಣದ ತಟ್ಟೆಯ ಮೇಲೆ ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿದ ಮೊಳದುದ್ದದ ಬೂದು ಮೀನು, ಕಣ್ಣು ಉರಿಸುವ ಫಾರ್ಮಲಿನ್ ಘಾಟು, ಕಪಾಲ ನರಗಳನ್ನು ತುಂಡಾಗದಂತೆ ಬಿಡಿಸುವ ಒದ್ದಾಟ. 2011ರಿಂದಾಚೆ ಯುಜಿಸಿ ಕಾಲೇಜುಗಳಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ನಿಲ್ಲಿಸಿದ ಮೇಲೆ ಆ ಶಾರ್ಕ್ ಟೇಬಲ್ಲಿನಿಂದ ಎದ್ದು ಗಾಜಿನ ಜಾಡಿಯೊಳಗೆ ಉಳಿದುಕೊಂಡಿತು. ಇನ್ನೊಂದು ಗುಂಪು ಚೋರ್ಲಾ ಘಾಟಿ ಇಳಿದು ಗೋವೆಗೆ ಹೋಗಿ, ಮೋರಿಯ ಆಂಬೊಟ್‌ತಿಕ್ ಉಂಡು ಬಂದವರದು. ಹುಳಿ–ಖಾರದ ಆ ಕೆಂಪು ಗಸಿಯಲ್ಲಿ ತೇಲುವುದು ಶಾರ್ಕಿನ ತುಂಡು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಾದಾಗ ತಟ್ಟೆ ಖಾಲಿಯಾಗಿರುತ್ತದೆ.

ಈಚೆಗೆ ಮೂರನೆಯ ಗುಂಪೊಂದು ಹುಟ್ಟಿಕೊಂಡಿದೆ. 2022ರ ಅಕ್ಟೋಬರ್ 28ರಂದು ತೆರೆಕಂಡ ಅಮೋಘವರ್ಷ ಅವರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ನೀರಿಗಿಳಿದದ್ದನ್ನು ನೋಡಿದ ಮೇಲೆ, ಕಾಡೆಂದರೆ ದಾಂಡೇಲಿ, ಸಮುದ್ರವೆಂದರೆ ಗೋವೆ ಎಂದುಕೊಂಡಿದ್ದ ಹುಡುಗರಿಗೆ ಸಮುದ್ರಕ್ಕೂ ಒಂದು ಒಳಗಿದೆ ಎಂಬುದು ಹೊಳೆಯಿತು. ಅವರು ಕೇಳುವ ಪ್ರಶ್ನೆ ಒಂದೇ: ‘ಶಾರ್ಕ್ ಯಾವ ತಿಂಗಳಾಗ ಕಾಣತಾವ್ರಿ?’

ಮುರುಡೇಶ್ವರದಲ್ಲಿ ಯಾರನ್ನು ಕೇಳಿದರೂ ಅಕ್ಟೋಬರಿನಿಂದ ಮೇವರೆಗೆ ಅನ್ನುತ್ತಾರೆ. ಅದು ನಿಜವೇ. ಆದರೆ ಆ ವೇಳಾಪಟ್ಟಿ ಬರೆದದ್ದು ಮಳೆಗಾಲ, ಶಾರ್ಕ್ ಅಲ್ಲ. ದೋಣಿ ಯಾವಾಗ ಹೊರಡಬಹುದು, ನೀರು ಯಾವಾಗ ತಿಳಿಯಾಗಿರುತ್ತದೆ ಎಂಬುದಷ್ಟೇ ಅದರಲ್ಲಿದೆ. ಶಾರ್ಕ್ ತನ್ನ ಊಟದ ಹಿಂದೆ ಓಡಾಡುವ ಪ್ರಾಣಿ, ಅದರ ವೇಳಾಪಟ್ಟಿ ಬೇರೆ. ಪ್ರವಾಸ ಹೊಂದಿಸುವವರು ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಅರ್ಧ ನಿರಾಶೆ ಊರಲ್ಲೇ ಬುಕ್ ಆಗಿರುತ್ತದೆ.

ನೇತ್ರಾಣಿ ಭಟ್ಕಳ ತಾಲ್ಲೂಕಿನದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ, ಮೇಲಿಂದ ನೋಡಿದರೆ ಹೃದಯಾಕಾರದ, ಪಕ್ಕದಿಂದ ನೋಡಿದರೆ ಕಡಿದಾದ ಬಂಡೆಯ ದ್ವೀಪ. ಇಂಗ್ಲಿಷರ ನಕ್ಷೆಗಳಲ್ಲಿ ಅದು ಪಾರಿವಾಳದ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಈ ಬಂಡೆಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದದ್ದೂ, ಪರಿಸರದವರು ಅದಕ್ಕೆ ತಕರಾರು ತೆಗೆದದ್ದೂ ಉತ್ತರ ಕನ್ನಡದವರಿಗೆ ಹಳೇ ಸುದ್ದಿ. ಡೈವ್ ಮಾಡುವವರು ದ್ವೀಪ ಹತ್ತುವುದಿಲ್ಲ. ಬೆಳಿಗ್ಗೆ ಹೊರಟ ದೋಣಿ ಒಂದು–ಒಂದೂವರೆ ತಾಸು ಕುಲುಕಾಡಿ ಬಂಡೆಯ ಮಗ್ಗುಲಲ್ಲಿ ನಿಲ್ಲುತ್ತದೆ. ಹೊರಡುವಾಗ ಸೆಲ್ಫಿ ತೆಗೆದವರಲ್ಲಿ ಅರ್ಧ ಜನ ಅಷ್ಟರಲ್ಲಿ ಡೀಸೆಲ್ ಹೊಗೆಗೆ ಬಳಲಿ ದೋಣಿಯ ಅಂಚಿಗೆ ಒರಗಿರುತ್ತಾರೆ. ದಂಡೆಯ ಹತ್ತಿರ ಕದಡಿದ ಹಸಿರಾಗಿದ್ದ ನೀರು ಇಲ್ಲಿ ನೀಲಿಗೆ ತಿರುಗಿರುತ್ತದೆ. ಒಳ್ಳೇ ದಿನ ಹದಿನೈದಿಪ್ಪತ್ತು ಮೀಟರ್ ದೂರದ ಬಂಡೆಯೂ ಸ್ಪಷ್ಟ ಕಾಣುತ್ತದೆ.

ಇನ್ನು ಶಾರ್ಕ್. ಅದೃಷ್ಟವಿದ್ದರೆ ಕಾಣುವುದು ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್: ಆಳೆತ್ತರ ಮೀರದ, ತಿಳಿಕಂದು ಮೈಯ ಪ್ರಾಣಿ. ಬೆನ್ನ ರೆಕ್ಕೆಯ ತುದಿ ಮಸಿಯಲ್ಲಿ ಅದ್ದಿದಷ್ಟು ಕಪ್ಪು, ಅದರ ಕೆಳಗೆ ಬೆಳ್ಳನೆ ಪಟ್ಟಿ. ಆಳ ಇಲ್ಲದ ಕಡೆ, ಬಂಡೆಯ ಅಂಚಿನಲ್ಲಿ ಗಸ್ತು ತಿರುಗುವುದು ಅದರ ರೂಢಿ. ಅದರ ಸ್ವಭಾವ ಮಾತ್ರ ಸಿನಿಮಾದ ಶಾರ್ಕಿಗೆ ತದ್ವಿರುದ್ಧ: ಗುಳ್ಳೆ ಬಿಡುತ್ತ ಕೈಕಾಲು ಬಡಿಯುವ ಮನುಷ್ಯನನ್ನು ಕಂಡರೆ ದೂರದಲ್ಲೇ ತಿರುಗಿ ಹೋಗುತ್ತದೆ. ಬಂಡೆಯ ಸಂದಿಯಲ್ಲಿ ಹಗಲೆಲ್ಲ ಮಲಗುವ ಬ್ಯಾಂಬೂ ಶಾರ್ಕ್ ಇನ್ನೊಂದು. ಅದನ್ನು ತೋರಿಸಿದರೂ ‘ಇದು ಶಾರ್ಕೇ?’ ಎಂದು ಕೇಳುವವರು ಹೆಚ್ಚು. ವೇಲ್ ಶಾರ್ಕ್ ಕಂಡ ಸುದ್ದಿಯೂ ಆಗಾಗ ಬರುತ್ತದೆ. ಆದರೆ ಅದು ಸುದ್ದಿಯಾಗುವುದೇ ಅಪರೂಪವಾದ್ದರಿಂದ.

ಮೊದಲ ಸಲ ಇಳಿಯುವವರನ್ನು ಹನ್ನೆರಡು ಮೀಟರಿನೊಳಗೇ, ತರಬೇತುದಾರ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡೇ ಅರ್ಧ ಗಂಟೆ ಸುತ್ತಿಸಿ ತರುತ್ತಾರೆ. ಆ ಅರ್ಧ ಗಂಟೆಯಲ್ಲಿ ಶಾರ್ಕ್ ಸಿಗಬೇಕೆಂದು ಹಟ ಹಿಡಿಯುವುದು ನನಗಂತೂ ಅತಿಯಾಸೆ ಅನ್ನಿಸುತ್ತದೆ. ಗಿಳಿಮೀನು, ಚಿಟ್ಟೆಮೀನು, ಬಂಡೆಗೆ ಅಂಟಿದ ಕಲ್ಲುಮೀನು, ಬಿಲದಿಂದ ಬಾಯಿ ತೆರೆದು ನೋಡುವ ಮೋರೆ ಹಾವುಮೀನು ಇವೆಲ್ಲ ಖಾತ್ರಿ. ಶಾರ್ಕ್ ಮೇಲೋಗರ.

ಹಾಗಾದರೆ ಅದರ ಸಾಧ್ಯತೆ ಹೆಚ್ಚಿಸಿಕೊಳ್ಳುವುದು ಹೇಗೆ? ಇದಕ್ಕೆ ಸಮುದ್ರ ಬಿಟ್ಟು ಸ್ವಲ್ಪ ಹೊತ್ತು ಖಾನಾಪುರಕ್ಕೆ ಬರಬೇಕು.

ಕಣಕುಂಬಿ, ಜಾಂಬೋಟಿ, ಆಮಗಾಂವ್ ಕಡೆ ಬೀಳುವ ಮಳೆಯನ್ನು ಬೆಳಗಾವಿಯವರಿಗೆ ವಿವರಿಸಬೇಕಿಲ್ಲ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಊರುಗಳ ಸಾಲಿನವು ಅವು. ಆ ಕಾಡಿನಲ್ಲಿ ಬಿದ್ದ ನೀರಿಗೆ ಎರಡು ದಾರಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಭೀಮಗಡದ ಕಾಡಿನ ದೇಗಾಂವದಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿ ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಸೇರುತ್ತಾಳೆ. ಮಹದಾಯಿ ನೀರಿನ ಕಳಸಾ–ಬಂಡೂರಿ ಯೋಜನೆ ಎಂದರೆ ನಮಗೆ ಕುಡಿಯುವ ನೀರಿನ ಜಗಳ, ಟ್ರಿಬ್ಯೂನಲ್ಲು, ಬಂದ್. ನೀರೊಳಗೆ ಇಳಿಯುವವನಿಗೆ ಅದೇ ನೀರಿನದು ಬೇರೆ ಲೆಕ್ಕ. ಜುಲೈನಲ್ಲಿ ಖಾನಾಪುರದ ಗುಡ್ಡದಿಂದ ಕೊಚ್ಚಿಹೋದ ಕೆಂಪು ಮಣ್ಣಿಗೂ ಗೋವೆಯ ಗ್ರಾಂಡ್ ದ್ವೀಪದ ಡೈವರ್‌ಗೆ ಎದುರು ಮಬ್ಬು ಕಟ್ಟುವುದಕ್ಕೂ ನಂಟಿದೆ. ಮಾಂಡವಿ–ಜುವಾರಿಗಳ ಬಾಯಿಗೆ ಹತ್ತಿರದ ಆ ದ್ವೀಪದಲ್ಲಿ ನಾಲ್ಕೈದು ಮೀಟರ್ ಆಚೆ ಕಂಡರೆ ಒಳ್ಳೇ ದಿನ ಅನ್ನುತ್ತಾರೆ. ನೇತ್ರಾಣಿ ದಂಡೆಯಿಂದ ದೂರವಿರುವುದೇ ಅದರ ಭಾಗ್ಯ. ಶರಾವತಿ ಹೊನ್ನಾವರದಲ್ಲಿ ತಂದು ಸುರಿಯುವ ಮಣ್ಣು ಅಲ್ಲಿಯವರೆಗೆ ಅಷ್ಟಾಗಿ ತಲುಪುವುದಿಲ್ಲ.

ಮಣ್ಣು ಕಥೆಯ ಅರ್ಧ ಮಾತ್ರ. ಇನ್ನರ್ಧ ಹಸಿರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಗುಂಟ ಮೇಲ್ನೀರಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ದಂಡೆಯ ಬಳಿ ಮೇಲ್ನೀರು ಸರಿದುಹೋದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ವಿಪರೀತ. ದೋನಾ ಪಾವುಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ದಶಕಗಳಿಂದ ಅಳೆಯುತ್ತ ಬಂದಿರುವ ವಿದ್ಯಮಾನ ಇದು. ಬಿಸಿಲಿಗೆ ಬಂದ ಆ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಪಾಚಿ ತಿನ್ನಲು ಸೂಕ್ಷ್ಮಜೀವಿ, ಅದನ್ನು ತಿನ್ನಲು ಬೂತಾಯಿ–ಬಂಗಡೆ, ಅವುಗಳ ಹಿಂದೆ ದೊಡ್ಡವು. ಕರಾವಳಿಗೆ ಬಂಗಡೆಯ ಸುಗ್ಗಿ ಬರುವುದು ಮಳೆಗಾಲ ಮುಗಿದ ಮೇಲೆಯೇ ಯಾಕೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ.

ಪೇಚು ಇರುವುದು ಇಲ್ಲಿ. ನೀರು ಸ್ಫಟಿಕದಂತಿದೆ ಅಂದರೆ ಅದರಲ್ಲಿ ತಿನ್ನಲು ಹೆಚ್ಚೇನಿಲ್ಲ ಎಂದರ್ಥ. ಹದಿನೆಂಟು ಮೀಟರ್‌ವರೆಗೂ ಬೆಳೆಯಬಲ್ಲ ವೇಲ್ ಶಾರ್ಕ್ ಜಗತ್ತಿನ ಅತಿದೊಡ್ಡ ಮೀನು. ಅದು ತಿನ್ನುವುದು ಮಾತ್ರ ಈ ಮಬ್ಬು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಮೊಟ್ಟೆಗಳನ್ನು, ಸಣ್ಣ ಮೀನನ್ನು. ಅದಕ್ಕೆ ಇಷ್ಟವಾಗುವ ನೀರು ನಮ್ಮ ಕ್ಯಾಮೆರಾಗೆ ಹಿಡಿಸುವುದಿಲ್ಲ. ನಮಗೆ ಇಷ್ಟವಾಗುವ ನೀರಿಗೆ ಅದು ಬರಬೇಕಾದ ಕಾರಣವೇ ಇಲ್ಲ.

ಹೀಗೆ ನೋಡಿದರೆ ನೇತ್ರಾಣಿಯ ಋತು ಒಂದೇ ಮುದ್ದೆಯಲ್ಲ. ಅಕ್ಟೋಬರಿನಲ್ಲಿ ದೋಣಿಗಳು ಹೊರಡಲು ಶುರುವಾದಾಗ ನೀರಿನಲ್ಲಿ ಇನ್ನೂ ಹಸಿರಿರುತ್ತದೆ. ಫೋಟೊ ಚೆನ್ನಾಗಿ ಬರುವುದಿಲ್ಲ, ಗಿರಾಕಿಗಳು ಗೊಣಗುತ್ತಾರೆ, ಆದರೆ ಮೀನಿನ ಹಿಂಡು ದಟ್ಟ. ದೊಡ್ಡದೇನಾದರೂ ಹಾದುಹೋಗುವುದಿದ್ದರೆ ಹೀಗೆ ಊಟ ಬಿದ್ದಿರುವ ನೀರಿನಲ್ಲೇ ಎಂದು ನಾನು ಪಂಥ ಕಟ್ಟುತ್ತೇನೆ. ನವೆಂಬರಿನ ಹೊತ್ತಿಗೆ ಪ್ರವಾಹ ದಿಕ್ಕು ಬದಲಿಸಿ ಉತ್ತರಕ್ಕೆ ತಿರುಗುತ್ತದೆ, ನೀರು ತಿಳಿಯಾಗುತ್ತದೆ. ಡಿಸೆಂಬರ್–ಜನವರಿ ಎಲ್ಲರೂ ಹೊಗಳುವ ತಿಂಗಳು. ಅವು ಶಾಲೆ ಮಕ್ಕಳ ಪ್ರವಾಸದ, ಹೊಸವರ್ಷದ ಜಂಗುಳಿಯ ತಿಂಗಳೂ ಹೌದು. ಒಂದೇ ಬಂಡೆಯ ಸುತ್ತ ಮೂರ್ನಾಲ್ಕು ದೋಣಿ ನಿಂತರೆ ನಾಚಿಕೆಯ ಬ್ಲ್ಯಾಕ್‌ಟಿಪ್ ಅಲ್ಲಿ ಉಳಿದೀತೆ? ಫೆಬ್ರುವರಿಯ ನಂತರ ಮಧ್ಯಾಹ್ನದ ವಾಯವ್ಯ ಗಾಳಿ ಜೋರು. ಮೇ ನಡುವಿಗೆ ಅಲೆ ಎದ್ದು ಬಾಗಿಲು ಮುಚ್ಚುತ್ತದೆ. 2021ರ ಮೇನಲ್ಲಿ ಬಂದ ತೌಕ್ತೆ ಚಂಡಮಾರುತ ನೆನಪಿರುವವರು ಆ ತಿಂಗಳಿಗೆ ಮುಂಗಡ ಕೊಡಲಾರರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಆಗ ಕಡಲು ಹಾಗಿರಲಿ, ಹೋಗುವ ರಸ್ತೆಯೇ ನಂಬಿಗಸ್ತವಲ್ಲ: 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಬಂದು ಕೂತಿತ್ತು.

ನನ್ನನ್ನು ಕೇಳಿದರೆ ದೀಪಾವಳಿಯ ಗದ್ದಲ ಇಳಿದ ಮೇಲಿನ ನವೆಂಬರಿನ ವಾರಗಳು, ಅದರಲ್ಲೂ ವಾರದ ನಡುವಿನ ದಿನ. ಹಸಿರು ಪೂರ್ತಿ ಹೋಗಿರುವುದಿಲ್ಲ, ತಿಳಿ ಪೂರ್ತಿ ಬಂದಿರುವುದಿಲ್ಲ. ಎರಡೂ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಮಾಡಿಕೊಂಡ ರಾಜಿ.

ತಿಂಗಳು ಗೊತ್ತಾದ ಮೇಲೆ ತಿಥಿ ನೋಡಿ. ತಮಾಷೆಯಲ್ಲ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸು ಉಬ್ಬರವಿಳಿತದ ಅಂತರ ಹೆಚ್ಚು, ಸೆಳೆತ ಜೋರು, ತಳದ ಕೆಸರು ಎದ್ದಿರುತ್ತದೆ. ಅಷ್ಟಮಿಯ ಆಸುಪಾಸು ಸಮುದ್ರ ತಣ್ಣಗಿರುತ್ತದೆ. ಮೊದಲ ಸಲ ಇಳಿಯುವವರಿಗೆ ಅಷ್ಟಮಿಯೇ ವಾಸಿ. ಟಿಳಕವಾಡಿಯ ಅಡುಗೆಮನೆಗಳಲ್ಲಿ ಗೋಡೆಗೆ ನೇತಾಡುವ ಕಾಲನಿರ್ಣಯ ಸಂಕಷ್ಟಿಗೂ ಹಾಲಿನ ಲೆಕ್ಕಕ್ಕೂ ಮಾತ್ರ ಎಂದುಕೊಂಡಿದ್ದವರು ಅದನ್ನು ಹೀಗೂ ಬಳಸಬಹುದು. ಹೊರಡುವ ಹಿಂದಿನ ದಿನ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನೂ ನೋಡಿದರೆ ಡೀಸೆಲ್ ಹೊಗೆಯಲ್ಲಿ ವಾಂತಿ ಮಾಡಿಕೊಳ್ಳುವ ಪ್ರಮೇಯ ಅರ್ಧ ತಪ್ಪುತ್ತದೆ.

ಇಷ್ಟೆಲ್ಲ ಲೆಕ್ಕ ಬೆಂಗಳೂರಿನವರಿಗೂ ಒಂದೇ, ಮಂಗಳೂರಿನವರಿಗೂ ಒಂದೇ. ಮಂಗಳೂರಿನವರು ಕೇಳಿಕೊಳ್ಳಬೇಕಿಲ್ಲದ, ಬೆಳಗಾವಿಯವರು ಕೇಳಿಕೊಳ್ಳಲೇಬೇಕಾದ, ಆದರೂ ಯಾರೂ ಕೇಳದ ಪ್ರಶ್ನೆಯೊಂದಿದೆ: ವಾಪಸು ಯಾವಾಗ?

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದರೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ನಿಧಾನ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಒಮ್ಮೆಲೆ ಒತ್ತಡ ಇಳಿದರೆ ಗೋಲಿ ಸೋಡಾ ಒಡೆದಂತೆ ಒಳಗೇ ಗುಳ್ಳೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಅದರ ಪರಿಣಾಮಗಳಿವೆ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಎಂಬ ನಿಯಮ ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ತಾಸು, ಎರಡು ಅಥವಾ ಹೆಚ್ಚು ಮಾಡಿದ್ದರೆ 18 ತಾಸು ಕಾಯಬೇಕು. ಈ ಸಲಹೆ 2,000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಮತ್ತು ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ನಮ್ಮ ಮನೆ ತಲುಪುವುದೇ ಒಂದು ಸಣ್ಣ ವಿಮಾನಯಾನ.

ಹನ್ನೆರಡು ಗಂಟೆಗೆ ನೀರಿನಿಂದ ಎದ್ದು, ಮುರುಡೇಶ್ವರದಲ್ಲಿ ಊಟ ಮಾಡಿ, ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ ಸುಮಾರು 540 ಮೀಟರ್. ಅಲ್ಲಿಯವರೆಗೆ ಸಲಹೆಯ ಗೆರೆಯೊಳಗೇ ಇರುತ್ತೀರಿ. ಹಳಿಯಾಳ, ಅಳ್ನಾವರ ದಾಟಿ ಖಾನಾಪುರದ ಕಡೆ ಬರುವಾಗ ಗೆರೆ ದಾಟುತ್ತೀರಿ, ಅದೂ ರಾತ್ರಿ ಎಂಟರ ಸುಮಾರಿಗೆ, ನೀರಿನಿಂದ ಎದ್ದು ಎಂಟೇ ತಾಸಾಗಿರುವಾಗ. ಮಾಲ್ವಣ–ತಾರ್ಕರ್ಲಿಗೆ ಹೋಗಿ ಡೈವ್ ಮಾಡುವವರಿಗಂತೂ ಇನ್ನೂ ಇಕ್ಕಟ್ಟು. ಸಾವಂತವಾಡಿ ಬಿಟ್ಟ ಸ್ವಲ್ಪ ಹೊತ್ತಿಗೇ ಆಂಬೋಲಿ ಘಾಟಿ ಸುಮಾರು 690 ಮೀಟರಿಗೆ ಎತ್ತಿಬಿಡುತ್ತದೆ. ಹತ್ತು ಮೀಟರ್ ಆಳದಲ್ಲಿ ಅರ್ಧ ಗಂಟೆ ಕಳೆದವರಿಗೆ ಅಪಾಯ ಕಡಿಮೆ ಎಂಬುದು ನಿಜ. ಆದರೆ ಲೈಸೆನ್ಸ್ ಮಾಡಿಸಿಕೊಂಡು 18 ಮೀಟರಿಗೆ ಎರಡೆರಡು ಸಲ ಇಳಿದವರು ಅದೇ ಸಂಜೆ ಘಟ್ಟ ಹತ್ತುವುದು ಶುದ್ಧ ಹುಂಬತನ. ಒಂದು ರಾತ್ರಿ ದಂಡೆಯಲ್ಲಿ ಮಲಗಿ. ಮುರುಡೇಶ್ವರದ 123 ಅಡಿ ಶಿವನನ್ನೂ, ಲಿಫ್ಟ್ ಇರುವ ಗೋಪುರವನ್ನೂ ಸಾವಕಾಶ ನೋಡಿ. ಆ ಗೋಪುರದ ಎತ್ತರ ಈ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಕೇಳಿದ ಮೇಲೂ ‘ನನಗೆ ಶಾರ್ಕೇ ಬೇಕು’ ಅನ್ನುವವರಿಗೆ ನೇತ್ರಾಣಿ ಹೇಳಿಮಾಡಿಸಿದ ಜಾಗವಲ್ಲ. ಲಕ್ಷದ್ವೀಪ ನೋಡಬೇಕು. ಅಲ್ಲಿ ನದಿಯೇ ಇಲ್ಲ, ಹಾಗಾಗಿ ಮಣ್ಣಿಲ್ಲ. ಹವಳದ ಗೋಡೆ ನೇರ ಆಳಕ್ಕೆ ಇಳಿಯುತ್ತದೆ. ಕಡಮತ್, ಬಂಗಾರಂ, ಅಗತ್ತಿಗಳ ಸುತ್ತ ಬ್ಲ್ಯಾಕ್‌ಟಿಪ್, ವೈಟ್‌ಟಿಪ್, ಗ್ರೇ ರೀಫ್ ಶಾರ್ಕ್‌ಗಳು ನೆಲೆಸಿವೆ. ಅಕ್ಟೋಬರಿನಿಂದ ಮೇ ನಡುವಿನವರೆಗೆ ಋತು. ನೆಲೆಸಿದ ಪ್ರಾಣಿಯಾದ್ದರಿಂದ ಇಲ್ಲಿ ನೋಡಬೇಕಾದದ್ದು ನೀರಿನ ಋತುವನ್ನೇ ಹೊರತು ಶಾರ್ಕಿನದನ್ನಲ್ಲ. ಪ್ರವೇಶ ಪರವಾನಗಿ ಬೇಕು, ವಿಮಾನವೋ ಹಡಗೋ ಹಿಡಿಯಬೇಕು. ಹಡಗಿನಲ್ಲಿ ಮರಳುವವರಿಗೆ 18 ತಾಸಿನ ಚಿಂತೆಯೂ ಇಲ್ಲ.

ಅಲ್ಲಿಂದ ದಕ್ಷಿಣಕ್ಕೆ ಮಾಲ್ದೀವ್ಸ್. ಬಾ ಅಟಾಲ್‌ನ ಹನೀಫಾರು ಕೊಲ್ಲಿ ನಾನು ಹೇಳುತ್ತಿರುವುದಕ್ಕೆ ಅತ್ಯುತ್ತಮ ಪುರಾವೆ. ನೇತ್ರಾಣಿಗೆ ಬೀಗ ಹಾಕುವ ಅದೇ ನೈರುತ್ಯ ಮಾರುತ ಅಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಿಯೊಳಕ್ಕೆ ತಂದು ತುಂಬುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಮಾಂಟಾ ತೊರಕೆಗಳು ಹಿಂಡುಹಿಂಡಾಗಿ, ಆಗೀಗ ವೇಲ್ ಶಾರ್ಕ್ ಕೂಡ ಅಲ್ಲಿ ಊಟಕ್ಕೆ ಬರುತ್ತವೆ. ಸ್ಕೂಬಾ ಅಲ್ಲಿ ನಿಷಿದ್ಧ, ಮೇಲೆ ತೇಲುತ್ತ ನೋಡಬೇಕು. ಅದೇ ದೇಶದ ದಕ್ಷಿಣ ತುದಿಗೆ ಹತ್ತಿರದ ಫುವಾಮುಲಾದಲ್ಲಿ ಹುಲಿ ಶಾರ್ಕ್‌ಗಳು ವರ್ಷವಿಡೀ ಕಾಣುತ್ತವೆ. ಅದಕ್ಕೆ ಕಾರಣ ಋತುವಲ್ಲ, ಬಂದರಿನಲ್ಲಿ ಎಸೆಯುತ್ತ ಬಂದ ಮೀನಿನ ತ್ಯಾಜ್ಯ. ಮಸ್ಕತ್‌ನಲ್ಲಿರುವ ಕನ್ನಡಿಗರು ಇಷ್ಟು ದೂರ ಬರಬೇಕಿಲ್ಲ. ದೈಮಾನಿಯತ್ ದ್ವೀಪಗಳ ಬಳಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ವೇಲ್ ಶಾರ್ಕ್ ಕಾಣುವ ಸಂಭವ ಚೆನ್ನಾಗಿದೆ.

ನಮ್ಮ ದೇಶದಲ್ಲೇ ವೇಲ್ ಶಾರ್ಕ್ ನೆಚ್ಚಿಕೊಂಡು ಬರುವ ದಂಡೆ ಗುಜರಾತಿನ ವೆರಾವಲ್ ಕಡೆಯದು. ಒಂದು ಕಾಲಕ್ಕೆ ಅಲ್ಲಿ ಅದನ್ನು ಕೊಕ್ಕೆ ಹಾಕಿ ಎಳೆದು ತಂದು, ಯಕೃತ್ತಿನ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಆ ಹತ್ಯೆಯನ್ನು ಜಗತ್ತಿಗೆ ತೋರಿಸಿದ ಮೇಲೆ, 2001ರಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ ಸೇರಿ ಹುಲಿಗೆ ಸಮನಾದ ರಕ್ಷಣೆ ಅದಕ್ಕೆ ಸಿಕ್ಕಿತು. ನಂತರ ಪ್ರವಚನಕಾರ ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳೆಂದು ಕರೆದು ‘ವ್ಹಾಲಿ’ ಎಂಬ ಹೆಸರಿನ ಅಭಿಯಾನಕ್ಕೆ ನಿಂತರು. ಬೇಟೆಯಾಡುತ್ತಿದ್ದ ಮೀನುಗಾರರೇ ಬಲೆ ಕತ್ತರಿಸಿ ಬಿಡತೊಡಗಿದರು. ಕಾಯ್ದೆಗಿಂತ ಆ ಮಗಳೆಂಬ ಮಾತು ಹೆಚ್ಚು ಕೆಲಸ ಮಾಡಿತು ಅಂತ ನನ್ನ ಎಣಿಕೆ.

ಉಳಿದ ಬಹುಪಾಲು ಶಾರ್ಕ್‌ಗಳಿಗೆ ಅಂಥ ಅದೃಷ್ಟವಿಲ್ಲ. ಶಾರ್ಕ್ ಹಿಡಿಯುವ ದೇಶಗಳಲ್ಲಿ ಭಾರತ ಮೊದಲ ಸಾಲಿನಲ್ಲಿದೆ. ರೆಕ್ಕೆ ಮಾತ್ರ ಕತ್ತರಿಸಿ ಮೈ ಎಸೆಯುವುದನ್ನು 2013ರಲ್ಲಿ, ರೆಕ್ಕೆಯ ರಫ್ತನ್ನು 2015ರಲ್ಲಿ ನಿಷೇಧಿಸಲಾಯಿತು. ಮಾಂಸಕ್ಕಾಗಿ ಹಿಡಿಯುವುದು ನಡೆದೇ ಇದೆ. ಜಗತ್ತಿನಾದ್ಯಂತ ಶಾರ್ಕ್ ತಾನಾಗಿ ಮನುಷ್ಯನ ಮೇಲೆರಗುವ ಪ್ರಕರಣ ವರ್ಷಕ್ಕೆ ಅರವತ್ತೆಪ್ಪತ್ತು. ಮನುಷ್ಯ ಕೊಲ್ಲುವ ಶಾರ್ಕ್ ವರ್ಷಕ್ಕೆ ಹತ್ತು ಕೋಟಿಯ ಆಸುಪಾಸು ಎಂಬ ಅಂದಾಜಿದೆ. ತಡವಾಗಿ ಪ್ರಾಯಕ್ಕೆ ಬಂದು, ಬೆರಳೆಣಿಕೆಯ ಮರಿ ಹಾಕುವ ಪ್ರಾಣಿಗೆ ಈ ಲೆಕ್ಕ ತಾಳೆಯಾಗುವುದಿಲ್ಲ. ಶಾರ್ಕ್ ಖಾತ್ರಿಯಾಗಿ ಕಾಣುವ ಜಾಗ ಬೇಕೆಂದರೆ ಇವತ್ತಿಗೂ ಮಲ್ಪೆಯ ದಕ್ಕೆಗೆ ನಸುಕಿನಲ್ಲಿ ಹೋಗಬೇಕು. ಅಲ್ಲಿ ಅವು ಮಂಜುಗಡ್ಡೆಯ ಮೇಲಿರುತ್ತವೆ.

ನೇತ್ರಾಣಿಗೇ ಹೊರಟವರು ಊರಲ್ಲೇ ಮಾಡಿಕೊಳ್ಳಬಹುದಾದ ತಯಾರಿ ಕೆಲವಿದೆ. ಈಜು ಬಾರದಿದ್ದರೂ ಇಳಿಸುತ್ತಾರೆ, ಆದರೆ ಗೋವಾವೇಸ್ ಈಜುಕೊಳದಲ್ಲಿ ಉಸಿರುಕೊಳವೆ ಕಚ್ಚಿ, ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡುವುದನ್ನು ರೂಢಿ ಮಾಡಿಕೊಂಡು ಹೋದವರು ಅರ್ಧ ಗಂಟೆಯನ್ನು ಗಾಬರಿಯಲ್ಲಿ ಕಳೆಯುವುದಿಲ್ಲ. ಕೈಸನ್ನೆಗಳನ್ನೂ ಕಲಿಯಿರಿ. ಎಲ್ಲ ಸರಿಯಿದೆ ಅನ್ನಲು ಹೆಬ್ಬೆರಳು–ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಖುಷಿಯಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ನನ್ನನ್ನು ಮೇಲಕ್ಕೆ ಒಯ್ಯಿರಿ’ ಎಂದರ್ಥ. ಕೊಟ್ಟ ಹಣದ ಡೈವ್ ಅಲ್ಲಿಗೆ ಮುಗಿಯಿತು. ತರಬೇತುದಾರ ಅಂಗೈಯನ್ನು ಹಣೆಯ ಮೇಲೆ ರೆಕ್ಕೆಯಂತೆ ನಿಲ್ಲಿಸಿದರೆ ಶಾರ್ಕ್ ಕಂಡಿದೆ ಎಂದರ್ಥ. ಆಗ ಬೆನ್ನಟ್ಟಬೇಡಿ. ತಳಕ್ಕೆ ಹತ್ತಿರ ಸುಮ್ಮನಿದ್ದರೆ ಅದೇ ಇನ್ನೊಂದು ಸುತ್ತು ಬಂದೀತು.

ಕೊನೆಯದು ಮೂಗಿನ ವಿಷಯ. ನೀರು ಅತಿ ತಿಳಿಯಾಗಿರುವ ಡಿಸೆಂಬರಿನಲ್ಲೇ ಬೆಳಗಾವಿಯ ಚಳಿಯೂ ಕಚ್ಚುವುದು, ಮನೆಮನೆಯಲ್ಲೂ ನೆಗಡಿ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೊಂದುವುದಿಲ್ಲ, ಎರಡು ಮೀಟರ್ ಇಳಿಯುವಷ್ಟರಲ್ಲಿ ಕಿವಿತಮಟೆ ಹರಿದುಹೋಗುವಷ್ಟು ನೋವು. ಗುಳಿಗೆ ನುಂಗಿ ಇಳಿದರೆ ಅದರ ಪ್ರಭಾವ ನೀರೊಳಗೇ ಇಳಿದು, ಮೇಲೆ ಬರುವಾಗ ಇನ್ನೂ ಫಜೀತಿ. ನೆಗಡಿಯವರು ದೋಣಿಯಲ್ಲೇ ಕೂರಬೇಕು. ಹಾಗೆ ಕೂತವರು ಮುಖ ಊದಿಸಿಕೊಳ್ಳುವ ಅಗತ್ಯವಿಲ್ಲ. ವೇಲ್ ಶಾರ್ಕ್ ಬಾಯಿ ತೆರೆದು ಉಣ್ಣುವುದು ಹೆಚ್ಚಾಗಿ ಮೇಲ್ನೀರಿನಲ್ಲಿ. ಕೆಳಗಿಳಿದವರು ಬಂಡೆಯ ಸಂದಿ ಹುಡುಕುತ್ತಿರುವಾಗ ಅದೇನಾದರೂ ಬಂದರೆ ಮೊದಲು ಕಾಣುವುದು ದೋಣಿಯಲ್ಲಿ ಉಳಿದವರಿಗೇ.